ಕಾಲೇಜು ನೋಡಲು ಹೋಗಿ ಆಡಿದ ಜಗಳ

ಅಪ್ಪ ಏಣಿಯಿಂದ ಬಿದ್ದದ್ದು ಸೋಮವಾರ, ಮಗಳನ್ನು ಕರೆದುಕೊಂಡು ಕಾಲೇಜು ನೋಡಲು ಹೋಗಬೇಕಾಗಿದ್ದು ಶನಿವಾರ. ಐದು ದಿನದಲ್ಲಿ ಮುರಿದ ಕಾಲು ಕೂಡುವುದಿಲ್ಲವೆಂದು ಗೊತ್ತಿದ್ದರೂ ಗುರುವಾರದವರೆಗೂ ಅವನು, "ನಾನೇ ಬರ್ತೀನಿ, ಕುಂಟ್ಕೊಂಡಾದ್ರೂ ಬರ್ತೀನಿ" ಎಂದು ಹಟ ಹಿಡಿದೇ ಇದ್ದ. ಅವನು ಮನೆಗಳಿಗೆ ಬಣ್ಣ ಹೊಡೆಯುವವನು. ಇಪ್ಪತ್ತೆರಡು ವರ್ಷ ಏಣಿಯ ಮೇಲೆ ನಿಂತು ದುಡಿದರೂ ಒಮ್ಮೆಯೂ ಕಾಲು ಜಾರದವನು, ಮಗಳ ಪ್ರಯಾಣಕ್ಕೆಂದು ತನ್ನದೇ ಮನೆಯ ಅಟ್ಟದಿಂದ ಚೀಲ ಇಳಿಸಲು ಹೋಗಿ ಮೂರನೇ ಮೆಟ್ಟಿಲಿನಿಂದ ಬಿದ್ದಿದ್ದ. "ಮೂರು ಮಹಡಿ ಹತ್ತಿದವನನ್ನ ಮೂರು ಮೆಟ್ಲು ಕೆಡವಿಬಿಡ್ತು ನೋಡಿ" ಎಂದು ನೋಡಲು ಬಂದವರಿಗೆಲ್ಲ ಹೇಳಿ ತಾನೇ ಮೊದಲು ನಗುತ್ತಿದ್ದ. ಶುಕ್ರವಾರ ಬೆಳಿಗ್ಗೆ ಬಚ್ಚಲಿಗೆಂದು ಎದ್ದವನು ಎರಡು ಹೆಜ್ಜೆ ಇಡುವಷ್ಟರಲ್ಲಿ ಬೆವರಿ ಬೆಂಡಾಗಿ ಕುಳಿತುಬಿಟ್ಟ. ಆಮೇಲೆ ಹೆಂಡತಿಯ ಮುಖ ನೋಡಿದ.

"ನೀನೇ ಕರ್ಕೊಂಡು ಹೋಗ್ಬೇಕು" ಎಂದ.

ಹೆಂಡತಿಯೆಂದರೆ ಹುಡುಗಿಗೆ ಚಿಕ್ಕಮ್ಮ. ಹೆತ್ತ ತಾಯಿ ತೀರಿಕೊಂಡಾಗ ಹುಡುಗಿಗೆ ಹತ್ತು ವರ್ಷ, ಅಪ್ಪ ಮತ್ತೆ ಮದುವೆಯಾದಾಗ ಹದಿಮೂರು. ಈಗ ಹದಿನೇಳು, ಶಾಲೆಯ ಕೊನೆಯ ವರ್ಷ. ಈ ನಾಲ್ಕು ವರ್ಷದಲ್ಲಿ ಚಿಕ್ಕಮ್ಮನಿಗೂ ಅವಳಿಗೂ ಒಂದೇ ಒಂದು ಜಗಳವಾಗಿರಲಿಲ್ಲ. ನೆಂಟರು "ಪುಣ್ಯ ಮಾಡಿದೀಯ ಕಣೆ" ಎನ್ನುತ್ತಿದ್ದರು. ಅದು ಪುಣ್ಯವಲ್ಲ ಎಂಬುದು ಚಿಕ್ಕಮ್ಮನಿಗೆ ಗೊತ್ತಿತ್ತು. ಹುಡುಗಿ ಅವಳನ್ನು ಅಮ್ಮ ಎಂದು ಕರೆಯುತ್ತಿರಲಿಲ್ಲ, ಚಿಕ್ಕಮ್ಮ ಎಂದೂ ಕರೆಯುತ್ತಿರಲಿಲ್ಲ. ಏನೂ ಕರೆಯದೆ ಒಂದೇ ಸೂರಿನಡಿ ನಾಲ್ಕು ವರ್ಷ ಹೇಗೆ ಕಳೆಯಬಹುದು ಎನ್ನುವುದನ್ನು ಅವಳು ಕರಗತ ಮಾಡಿಕೊಂಡಿದ್ದಳು. "ಊಟ ಆಯ್ತಾ ನಿಮ್ದು?", "ಬಟ್ಟೆ ಒಣಗಿದೆ, ತೆಗೀಲಾ?", "ನೀವು ಹೇಳಿದ್ದು ತಂದಿದೀನಿ." ಮಾತಿಗೆ ಮುಂಚೆ ಸಣ್ಣಗೆ ಕೆಮ್ಮಿದರೆ ಅದು ತನಗೆಂದು ಚಿಕ್ಕಮ್ಮ ಅರ್ಥ ಮಾಡಿಕೊಳ್ಳುತ್ತಿದ್ದಳು. ಅಪ್ಪನಿಗೆ ನೀನು, ಇವಳಿಗೆ ನೀವು. ಅಪ್ಪನ ಮೇಲೆ ಸಿಟ್ಟು ಬಂದರೆ ಬಾಗಿಲು ಬಡಿದು, ತಟ್ಟೆ ಕುಕ್ಕಿ ಮನೆಯನ್ನೇ ತಲೆಯ ಮೇಲೆ ಹೊತ್ತುಕೊಳ್ಳುವ ಹುಡುಗಿ ಇವಳೆದುರು ದನಿ ಎತ್ತಿದವಳಲ್ಲ. ಅಷ್ಟು ಮರ್ಯಾದೆ ಕೊಟ್ಟರೆ ಹತ್ತಿರ ಹೋಗುವುದಾದರೂ ಹೇಗೆ?

ಚಿಕ್ಕಮ್ಮನದು ಕನ್ನಡಕದ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವ ಕೆಲಸ. ಮುಂದಿನ ಕೋಣೆಯಲ್ಲಿ ಕನ್ನಡಿಗಳು, ದೀಪಗಳು, ನಗುವ ಮಾಲೀಕ. ಹಿಂದೆ ಒಂದು ಕಿಟಕಿ, ಒಂದು ಸ್ಟೂಲು, ನೀರು ಚಿಮ್ಮುತ್ತ ಗಿರಗಿರ ತಿರುಗುವ ಸಾಣೆ ಚಕ್ರ ಮತ್ತು ಅವಳು. ದುಂಡನೆ ಬಂದ ಗಾಜನ್ನು ಚೌಕಟ್ಟಿನ ಆಕಾರಕ್ಕೆ ಉಜ್ಜಿ, ಅಂಚು ನುಣುಪು ಮಾಡಿ, ಕೂದಲೆಳೆಯಷ್ಟೂ ಸಂದಿಲ್ಲದಂತೆ ಕೂರಿಸಬೇಕು. ಹತ್ತೊಂಬತ್ತು ವರ್ಷದಿಂದ ಅದನ್ನೇ ಮಾಡುತ್ತಿದ್ದಳು. ಊರಿನ ಅರ್ಧ ಜನ ಅವಳ ಕೈ ದಾಟಿ ಬಂದ ಗಾಜಿನಿಂದಲೇ ಲೋಕ ನೋಡುತ್ತಿದ್ದರು. ಅವಳನ್ನು ನೋಡಿದವರು ಮಾತ್ರ ಬೆರಳೆಣಿಕೆಯಷ್ಟು.

ಹುಡುಗಿಯ ಹುಚ್ಚು ಬೇರೆಯೇ. ಅವಳು ಪಾಚಿ ಸಾಕುತ್ತಿದ್ದಳು. ಹಳೇ ಗೋಡೆಗಳಿಗೆ ಬಣ್ಣ ಹೊಡೆಯುವ ಮುಂಚೆ ಅಪ್ಪ ಕೆರೆದು ಬೀಳಿಸುತ್ತಿದ್ದ ಹಸಿರು ಹಕ್ಕಳೆಗಳನ್ನು ಚಿಕ್ಕವಳಿದ್ದಾಗಿನಿಂದ ಆರಿಸಿಕೊಂಡು ಬಂದು, ಬೂಟ್ ಪಾಲಿಶ್ ಡಬ್ಬಿ, ಪೆಪ್ಪರ್‌ಮಿಂಟ್ ಡಬ್ಬಿ, ಮುಲಾಮಿನ ಡಬ್ಬಿಗಳಲ್ಲಿಟ್ಟು ನೀರು ಹನಿಸಿ ಬೆಳೆಸುತ್ತಿದ್ದಳು. ಕಿಟಕಿಯುದ್ದಕ್ಕೂ ನಲವತ್ತೊಂದು ಡಬ್ಬಿಗಳು. ಪ್ರತಿಯೊಂದಕ್ಕೂ ಯಾವ ಗೋಡೆ, ಯಾವ ದಿಕ್ಕು, ಯಾವ ತಾರೀಕು ಎಂಬ ಚೀಟಿ. "ನಾನು ಕೆರೆದು ಬಿಸಾಕೋದನ್ನ ಇವಳು ಮನೇಲಿ ಸಾಕ್ತಾಳೆ. ನಮ್ಮಿಬ್ಬರಲ್ಲಿ ಯಾರಾದ್ರೂ ಒಬ್ಬರ ಕಸುಬು ಉಳೀಬೇಕಲ್ಲ" ಎಂದು ಅಪ್ಪ ತಮಾಷೆ ಮಾಡುತ್ತಿದ್ದ. ಈ ಕಾಲೇಜಿನಲ್ಲಿ ಪಾಚಿಯ ಮೇಲೆಯೇ ಕೆಲಸ ಮಾಡುವವರಿದ್ದಾರೆಂದು ಹುಡುಗಿ ಎಲ್ಲೋ ಓದಿ ತಿಳಿದುಕೊಂಡಿದ್ದಳು. ವರ್ಷಕ್ಕೊಂದು ದಿನ ಶಾಲೆಯ ಮಕ್ಕಳನ್ನು ಕರೆದು ಕಾಲೇಜು ತೋರಿಸುತ್ತಾರೆ. ಮಧ್ಯಾಹ್ನ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಹದಿನೈದು ನಿಮಿಷ ಮಾತಾಡಿಸುತ್ತಾರೆ. ಸೀಟು ಕೊಡುವಾಗ ಅದೂ ಲೆಕ್ಕಕ್ಕೆ ಬರುತ್ತದೆ. ಹೀಗೆಂದು ಬಂದಿದ್ದ ಕಾಗದವನ್ನು ಅವಳು ಮಡಿಸಿ ಬಿಡಿಸಿ, ಮಡಿಸಿ ಬಿಡಿಸಿ, ಅದರ ಮಡಿಕೆಗಳೇ ಹರಿಯುವಂತಾಗಿತ್ತು.

ಶನಿವಾರ ಬೆಳಿಗ್ಗೆ ಇಬ್ಬರೂ ರೈಲು ಹತ್ತಿದರು. ಮೂರು ಗಂಟೆಯ ದಾರಿ. ಹುಡುಗಿ ಕಿಟಕಿಯ ಪಕ್ಕ ಕುಳಿತು ಹೊರಗೆ ನೋಡುತ್ತಿದ್ದಳು. ಮಡಿಲಲ್ಲಿ ಡಬ್ಬಿಗಳ ವಿವರವೆಲ್ಲ ಬರೆದಿದ್ದ ದಪ್ಪ ನೋಟ್‌ಬುಕ್ಕು.

"ಭಯ ಆಗ್ತಿದೆಯಾ?" ಎಂದು ಚಿಕ್ಕಮ್ಮ ಕೇಳಿದಳು.

"ಇಲ್ಲ. ನಿಮಗೆ ರಜೆ ಹಾಕೋಕೆ ತೊಂದ್ರೆ ಆಗ್ಲಿಲ್ವಾ?"

"ಏನಿಲ್ಲ."

"ಥ್ಯಾಂಕ್ಸ್."

ಚಿಕ್ಕಮ್ಮ ಚೀಲದಲ್ಲಿದ್ದ ಬ್ರೆಡ್ಡಿನ ಪೊಟ್ಟಣವನ್ನು ಸುಮ್ಮನೆ ಅತ್ತಿತ್ತ ಸರಿಸಿಟ್ಟಳು.

ಕಾಲೇಜು ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿತ್ತು. ಗೇಟಿನ ಬಳಿ ಹಳದಿ ಟೀ ಶರ್ಟು ಹಾಕಿದ ವಿದ್ಯಾರ್ಥಿನಿಯೊಬ್ಬಳು ಬಂದವರನ್ನು ಗುಂಪು ಮಾಡುತ್ತಿದ್ದಳು. ಇವರ ಗುಂಪಿನಲ್ಲಿ ಒಂಬತ್ತು ಮಕ್ಕಳು, ಅವರ ಹಿಂದೆ ಹನ್ನೆರಡು ಮಂದಿ ದೊಡ್ಡವರು. ದೊಡ್ಡವರೇ ಹೆಚ್ಚು ಪ್ರಶ್ನೆ ಕೇಳುತ್ತಿದ್ದರು. ತಾನು ಅಂಚೆ ಕಚೇರಿಯ ಗುಮಾಸ್ತನೆಂದು ಎಲ್ಲರಿಗೂ ಹೇಳಿಕೊಂಡಿದ್ದವನೊಬ್ಬ, ಮಗಳ ಸರ್ಟಿಫಿಕೇಟುಗಳ ಫೈಲನ್ನು ಹಸುಗೂಸಿನಂತೆ ಎದೆಗವಚಿಕೊಂಡು, "ಹಾಸ್ಟೆಲಲ್ಲಿ ಬಿಸಿನೀರು ಎಷ್ಟು ಗಂಟೆಗೆ ಬರುತ್ತೆ? ಎಷ್ಟು ಗಂಟೆಗೆ ನಿಲ್ಲುತ್ತೆ?" ಎಂದು ಎರಡೆರಡು ಸಲ ಕೇಳಿ ಬರೆದುಕೊಂಡ. ಅವನ ಮಗಳು ತಾನು ಅವನ ಮಗಳೇ ಅಲ್ಲವೆನ್ನುವಂತೆ ನಾಲ್ಕು ಮಾರು ಮುಂದೆ ನಡೆಯುತ್ತಿದ್ದಳು.

ಗ್ರಂಥಾಲಯ ನೋಡಿದರು. ಇಳಿಜಾರಾಗಿ ಬೆಂಚು ಹಾಕಿದ ದೊಡ್ಡ ಪಾಠದ ಕೋಣೆ ನೋಡಿದರು. ಹಳೇ ಕಟ್ಟಡದ ಪಾಚಿ ಹಿಡಿದ ತಳಗೋಡೆ ಬಂದಲ್ಲೆಲ್ಲ ಹುಡುಗಿಯ ಹೆಜ್ಜೆ ನಿಧಾನವಾಗುವುದನ್ನು ಚಿಕ್ಕಮ್ಮ ಗಮನಿಸಿದಳು.

ಕೊನೆಗೆ ಜೀವಶಾಸ್ತ್ರದ ಲ್ಯಾಬು ಬಂತು. ಉದ್ದನೆಯ ಮೇಜಿನ ಮೇಲೆ ನಾಲ್ಕು ಸೂಕ್ಷ್ಮದರ್ಶಕಗಳು. ಒಂದರಲ್ಲಿ ಈರುಳ್ಳಿಯ ಸಿಪ್ಪೆ, ಒಂದರಲ್ಲಿ ಇರುವೆಯ ಕಾಲು, ಒಂದರಲ್ಲಿ ಕೊಳದ ನೀರು, ನಾಲ್ಕನೆಯದರಲ್ಲಿ ಪಾಚಿಯ ಎಲೆ. ಅದರ ಮುಂದಿನ ಚೀಟಿ ಓದಿದ್ದೇ ಹುಡುಗಿಯ ಮುಖ ಕಿವಿಯವರೆಗೂ ಕೆಂಪೇರಿತು. ಒಂದೇ ಒಂದು ಪದರದ ಕೋಶಗಳಿಂದ ಆದ ಎಲೆ ಅದು, ಬೆಳಕು ಬಿಟ್ಟರೆ ಆಚೆಬದಿ ಕಾಣುತ್ತದೆ ಎಂದು ಅವಳು ಮನೆಯಲ್ಲಿ ಅಪ್ಪನಿಗೆ ಎಷ್ಟು ಸಲ ಹೇಳಿರಲಿಲ್ಲ! ಅವಳ ಶಾಲೆಯಲ್ಲಿದ್ದ ಒಂದೇ ಒಂದು ಸೂಕ್ಷ್ಮದರ್ಶಕದ ಕುತ್ತಿಗೆ ಮುರಿದು ಎರಡು ವರ್ಷವಾಗಿತ್ತು. ತಾನೇ ಬೆಳೆಸುವುದನ್ನು ಅವಳು ಸರಿಯಾಗಿ ನೋಡಿಯೇ ಇರಲಿಲ್ಲ.

ಅವಳು ಬಗ್ಗಿ ಕಣ್ಣಿಟ್ಟಳು. ತಿರುಪು ತಿರುಗಿಸಿದಳು. ಮತ್ತೆ ತಿರುಗಿಸಿದಳು. ತಲೆಯೆತ್ತಿದಾಗ ಮುಖ ಸಣ್ಣಗಾಗಿತ್ತು.

"ಅದು ಸ್ವಲ್ಪ ಮಬ್ಬು, ಬೆಳಿಗ್ಗೆಯಿಂದ ಹಾಗೇ ಇದೆ" ಎಂದ ಲ್ಯಾಬಿನ ಮೇಷ್ಟ್ರು, ಇನ್ನೂ ಮೀಸೆ ಸರಿಯಾಗಿ ದಪ್ಪಗಾಗದ ತರುಣ. "ಬನ್ನಿ, ಇರುವೆ ಕಾಲು ಚೆನ್ನಾಗಿ ಕಾಣುತ್ತೆ."

ಹುಡುಗಿ ಪಕ್ಕಕ್ಕೆ ಸರಿದಳು. ಚಿಕ್ಕಮ್ಮನಿಗೆ ಸುಮ್ಮನಿರಲಾಗಲಿಲ್ಲ. ಮಬ್ಬು ಎನ್ನುವ ಮಾತು ಕಿವಿಗೆ ಬಿದ್ದರೆ ಅವಳ ಬೆರಳು ತಾನಾಗಿ ಜೇಬಿನಲ್ಲಿನ ಗಾಜು ಒರೆಸುವ ಬಟ್ಟೆ ಹುಡುಕುತ್ತಿತ್ತು.

"ಸ್ವಲ್ಪ ನೋಡ್ಲಾ ನಾನು?" ಎಂದಳು.

ಮೇಷ್ಟ್ರು ಬೇಡವೆನ್ನುವಷ್ಟರಲ್ಲಿ ಅವಳು ಕೆಳಗಿನ ಮಸೂರದ ಕೊಳವೆಯನ್ನು ತಿರುಗಿಸಿ ಬಿಚ್ಚಿಯಾಗಿತ್ತು. ಮೇಲೆ ಕಣ್ಣಿಡುವ ಕೊಳವೆಯನ್ನೂ ತೆಗೆದು ತಲೆಕೆಳಗು ಮಾಡಿ, ಅದನ್ನೇ ಭೂತಕನ್ನಡಿಯಾಗಿ ಹಿಡಿದು, ಬಿಚ್ಚಿದ ಮಸೂರದ ತುದಿ ನೋಡಿದಳು. "ಎಣ್ಣೆ ಒಣಗಿದೆ. ಯಾರೋ ಸ್ಪಷ್ಟ ಕಾಣ್ಲಿ ಅಂತ ಎಣ್ಣೆ ಹಾಕಿದ ಗಾಜಿನ ಮೇಲೆ ಇದನ್ನ ತಿರುಗಿಸಿದಾರೆ. ಸ್ಪಿರಿಟ್ ಇದೆಯಾ?" ಸ್ಪಿರಿಟ್ ಬಂತು. ಬಟ್ಟೆಯ ತುದಿಗೆ ಎಷ್ಟು ಬೇಕೋ ಅಷ್ಟೇ ಸೋಕಿಸಿ, ನಡುವಿನಿಂದ ಅಂಚಿಗೆ ಸುತ್ತುತ್ತ ಒರೆಸಿ, ಹಾ ಎಂದು ಉಸಿರು ಬಿಟ್ಟು, ಆವಿ ಒಂದೇ ಸಮನೆ ಆರುವುದನ್ನು ನೋಡಿ, ಮತ್ತೆ ಕೂರಿಸಿದಳು. ಮೇಷ್ಟ್ರು ಬಗ್ಗಿ ನೋಡಿ "ಅಯ್ಯೋ!" ಎಂದ. ಗುಂಪು ಹತ್ತಿರ ಬಂತು. ಗುಮಾಸ್ತ ಬಗ್ಗಿ ನೋಡಿ "ಅಬ್ಬಬ್ಬಾ" ಎಂದ, ಅವನ ಮಗಳು ನೋಡಿದಳು, ಆಮೇಲೆ ಇನ್ಯಾರೋ. ಉಳಿದ ಮೂರನ್ನೂ ನೋಡಿಕೊಡುವಿರಾ ಎಂದು ಮೇಷ್ಟ್ರು ಕೇಳಿದ. ಚಿಕ್ಕಮ್ಮ ತೋಳಿನ ಬಟ್ಟೆ ಮೇಲಕ್ಕೆ ಮಡಿಸಿದಳು.

"ಏನು ಕೆಲಸ ಮಾಡ್ತೀರಿ ತಾವು?" ಎಂದು ಯಾರೋ ಕೇಳಿದರು. ಹೇಳಿದಳು. ಗಾಜು ಉಜ್ಜುವುದು ಹೇಗೆಂದು ಇನ್ಯಾರೋ ಕೇಳಿದರು. ಅದನ್ನೂ ಹೇಳಿದಳು. ಅಷ್ಟು ಮಂದಿ ದೊಡ್ಡವರು ತನ್ನ ಕೈಯನ್ನೇ ನೋಡುತ್ತಿದ್ದಾರೆ ಎನ್ನುವುದು ಅವಳ ತಲೆಗೆ ಹದವಾಗಿ ಏರತೊಡಗಿತ್ತು.

"ನಿಮ್ಮ ಹುಡುಗಿಗೂ ಇದರಲ್ಲೇ ಆಸಕ್ತಿಯೋ?" ಎಂದ ಮೇಷ್ಟ್ರು.

"ಅವಳಿಗಾ! ಅವಳು ಡಬ್ಬೀಲಿ ಪಾಚಿ ಸಾಕ್ತಾಳೆ. ನಲವತ್ತೊಂದು ಡಬ್ಬಿ! ಬೂಟ್ ಪಾಲಿಶ್ ಡಬ್ಬೀನೂ ಬಿಟ್ಟಿಲ್ಲ. ದಿನಾ ಬೆಳಿಗ್ಗೆ ಎಲ್ಲಾ ಡಬ್ಬಿ ತೆಗೆದು ನೋಡಿಯೇ ತಾನು ಹಲ್ಲುಜ್ಜೋದು."

ಎಲ್ಲರೂ ನಕ್ಕರು. ಕೆಟ್ಟ ನಗೆಯೇನಲ್ಲ. ಆದರೆ ನಕ್ಕರು. ಹಳದಿ ಟೀ ಶರ್ಟಿನವಳು ಗಡಿಯಾರ ನೋಡಿ, "ಸಮಯ ಆಯ್ತು, ಮುಂದಿನ ಗುಂಪು ಬರ್ತಿದೆ. ನಮ್ಮವರೆಲ್ಲ ಊಟಕ್ಕೆ ಹೊರಡಿ" ಎಂದಳು. ಚಿಕ್ಕಮ್ಮ ತೋಳು ಇಳಿಸಿಕೊಂಡು ತಿರುಗಿದಾಗ ಹುಡುಗಿ ಕೋಣೆಯಲ್ಲಿರಲಿಲ್ಲ.

ಮೆಟ್ಟಿಲಲ್ಲಿರಲಿಲ್ಲ. ಗೇಟಿನ ಬಳಿಯೂ ಇರಲಿಲ್ಲ. ಹತ್ತು ನಿಮಿಷ ಹುಡುಕಿದ ಮೇಲೆ ಕಟ್ಟಡದ ಹಿಂದಿನ ಸೈಕಲ್ ಸ್ಟ್ಯಾಂಡಿನಲ್ಲಿ, ಎರಡು ಸೈಕಲ್ಲುಗಳ ನಡುವಿನ ಕಟ್ಟೆಯ ಮೇಲೆ ಸಿಕ್ಕಿದಳು. ನೋಟ್‌ಬುಕ್ಕು ಪಕ್ಕದಲ್ಲಿ ಬೋರಲಾಗಿ ಬಿದ್ದಿತ್ತು.

"ಇಲ್ಲಿದೀಯಾ? ಎಲ್ಲೆಲ್ಲಿ ಹುಡುಕೋದು! ಬಾ, ಏನಾದ್ರೂ ತಿನ್ನೋಣ. ಎರಡು ಗಂಟೆಗೆ..."

"ಯಾರು ಹೇಳು ಅಂದ್ರು ನಿಂಗೆ?"

ಚಿಕ್ಕಮ್ಮ ನಿಂತಲ್ಲೇ ನಿಂತಳು.

"ಡಬ್ಬಿ ವಿಷ್ಯ ಯಾರು ಹೇಳು ಅಂದ್ರು? ಎಲ್ಲಾರೂ ನಕ್ಕರು. ಆ ಗುಮಾಸ್ತರೂ ನಕ್ಕರು! ನಾನೇ ಹೇಳ್ಬೇಕು ಅಂತಿದ್ದೆ. ಎರಡು ಗಂಟೆಗೆ, ನನ್ನ ಮಾತಲ್ಲಿ, ಸರಿಯಾಗಿ. ಈಗ ಅದು ಜೋಕಾಗೋಯ್ತು."

"ಅಲ್ಲ, ನಾನು ಹೊಗಳೋಕೇ ಹೇಳಿದ್ದು..."

"ಹೊಗಳಿದ್ದಲ್ಲ! ನೀನು ಹೀರೋಯಿನ್ ಆಗೋಕೆ ಹೇಳಿದ್ದು. ಎಲ್ಲಾರ್ಗೂ ತೋರಿಸ್ದೆ, ಎಲ್ಲಾರೂ ನೋಡಿದ್ರು, ನನ್ನ ಬಿಟ್ಟು! ನಂಗೆ ಕಾಣಿಸ್ಲಿಲ್ಲ ಅಂತ ತಾನೇ ಬಿಚ್ಚಿದ್ದು? ಆಮೇಲೆ ನನ್ನ ಕರೆದ್ಯಾ ನೀನು? ಒಂದ್ಸಲ ತಿರುಗಿ ನೋಡಿದ್ಯಾ? ನಾನು ಹಿಂದೆ ನಿಂತೇ ಇದ್ದೆ. ನಿಂತೇ ಇದ್ದೆ!" ಅವಳ ದನಿ ಒಡೆಯಿತು. "ಅಪ್ಪ ಬಂದಿದ್ರೆ ಸುಮ್ನೆ ಒಂದ್ಕಡೆ ಕೂತಿರ್ತಿದ್ದ. ನೀನು ಯಾಕೆ ಬಂದೆ?"

"ಯಾಕೆ ಬಂದೆನಾ?" ಚಿಕ್ಕಮ್ಮನಿಗೂ ನೆತ್ತಿಗೇರಿತು. "ನಿಮ್ಮಪ್ಪ ಸುಮ್ನೆ ಕೂತಿರ್ತಿದ್ದನಾ? ಆ ಗುಮಾಸ್ತರ ಜೊತೆ ಸೇರ್ಕೊಂಡು ಬಿಸಿನೀರಿನ ಕಥೆ ಕೇಳಿ, ಆಮೇಲೆ ಯಾವ ಗೋಡೆಗೆ ಯಾವ ಬಣ್ಣ ಸರಿಯಿಲ್ಲ ಅಂತ ಪ್ರಿನ್ಸಿಪಾಲರಿಗೆ ಪಾಠ ಹೇಳಿರ್ತಿದ್ದ! ಬೆಳಗ್ಗೆ ನಾಕೂವರೆಗೆ ಎದ್ದು ಮೊಟ್ಟೆ ಬೇಯಿಸಿ ತಂದಿದೀನಿ ನಾನು, ಯಾಕೆ ಬಂದೆ ಅಂತೀಯಲ್ಲ!"

"ಮೊಟ್ಟೆ ಯಾರಿಗೆ ಬೇಕು!"

"ಬೇಡ ಅಂದ್ರೆ ಬಿಡು, ಎರಡೂ ನಾನೇ ತಿಂತೀನಿ!"

ಸೈಕಲ್ ತೆಗೆಯಲು ಬಂದ ಯಾರೋ ಇಬ್ಬರ ಮುಖ ನೋಡಿ, ಆಮೇಲೆ ಬಂದರಾಯಿತೆಂದು ಹಿಂದಕ್ಕೆ ಹೋದರು.

ಚಿಕ್ಕಮ್ಮ ಕಟ್ಟೆಯ ಇನ್ನೊಂದು ತುದಿಯಲ್ಲಿ ಕುಳಿತಳು. ಸಿಟ್ಟಿನ ಕಾವು ಇಳಿಯುತ್ತ ಬಂದ ಹಾಗೆ, ಹುಡುಗಿ ಹೇಳಿದ್ದರಲ್ಲಿ ಯಾವುದು ಸುಳ್ಳು ಎಂದು ಮನಸ್ಸಿನಲ್ಲೇ ಹುಡುಕಿದಳು. ಸಿಗಲಿಲ್ಲ.

"ನೀನು ಹೇಳಿದ್ದು ಸರಿ" ಎಂದಳು. "ಬಿಚ್ಚುವಾಗ ನಿನಗೋಸ್ಕರಾನೇ ಬಿಚ್ಚಿದೆ. ಅದು ನಿಜ. ಆಮೇಲೆ ಎಲ್ಲಾರೂ ಸುತ್ತ ನಿಂತ್ಕೊಂಡು ನೋಡೋಕೆ ಶುರು ಮಾಡಿದ್ರಲ್ಲ, ಖುಷಿಯಾಯ್ತು ಕಣೆ. ನಾನು ಕೆಲಸ ಮಾಡೋದನ್ನ ಯಾರೂ ನೋಡಲ್ಲ. ಅಂಗಡಿ ಬೆಕ್ಕೂ ನೋಡಲ್ಲ. ಆ ಖುಷೀಲಿ ನಿನ್ನ ಮರೆತೆ. ಡಬ್ಬಿ ವಿಷ್ಯ ಬಾಯಿ ಜಾರಿ ಬಂದಿದ್ದೂ ಆ ಖುಷೀಲೇ. ತಪ್ಪಾಯ್ತು."

ಹುಡುಗಿ ಮೂಗೊರೆಸಿಕೊಂಡಳು. ದೊಡ್ಡವರು ಇಷ್ಟು ಸಲೀಸಾಗಿ ತಪ್ಪಾಯ್ತು ಎಂದದ್ದನ್ನು ಅವಳು ಕೇಳಿರಲಿಲ್ಲ. ಅಪ್ಪನಾದರೆ ಮೂರು ದಿನ ಮುಖ ದಪ್ಪ ಮಾಡಿಕೊಂಡಿದ್ದು, ನಾಲ್ಕನೇ ದಿನ ಏನೋ ತಿಂಡಿ ತಂದು ಮೇಜಿನ ಮೇಲಿಟ್ಟು ಹೋಗುತ್ತಿದ್ದ.

"ಬೆಕ್ಕು ಯಾಕೆ ನೋಡಲ್ಲ?" ಎಂದು ಕೇಳಿದಳು ಕೊನೆಗೆ.

"ಅದಕ್ಕೆ ಸಾಣೆ ಸದ್ದು ಆಗಲ್ಲ."

ಹುಡುಗಿಯ ತುಟಿಯ ಒಂದು ತುದಿ ಅಲುಗಿತು. ನೋಟ್‌ಬುಕ್ಕನ್ನು ಎತ್ತಿ ಧೂಳು ಕೊಡವಿದಳು. ತುಸು ಹೊತ್ತಿಗೆ ಕೈ ಚಾಚಿ, "ಒಂದು ಮೊಟ್ಟೆ ಕೊಡು" ಎಂದಳು.

ಇಬ್ಬರೂ ಅಲ್ಲೇ ಕುಳಿತು ಬ್ರೆಡ್ಡು, ಮೊಟ್ಟೆ ತಿಂದರು. ಚಿಕ್ಕಮ್ಮ ಉಪ್ಪಿನ ಪೊಟ್ಟಣ ಮರೆತು ಬಂದಿದ್ದಳು. ಅದನ್ನು ಹುಡುಗಿ ಎತ್ತಿ ಆಡಿದಳು. ಎರಡು ಗಂಟೆಗೆ ಹತ್ತು ನಿಮಿಷವಿದ್ದಾಗ ಎದ್ದು ನಲ್ಲಿಯಲ್ಲಿ ಮುಖ ತೊಳೆದುಕೊಂಡಳು.

"ಒಳಗೆ ಬರ್ಬೇಡ ನೀನು."

"ಬರಲ್ಲ."

"ಬಾಗಿಲ ಹತ್ರಾನೂ ನಿಲ್ಬೇಡ."

"ಆ ಬೆಂಚಿನ ಮೇಲೆ ಕೂತಿರ್ತೀನಿ. ಅಲ್ಲಿ ಕೂರೋಕಾದ್ರೂ ಅಪ್ಪಣೆ ಇದೆಯಾ ತಾಯಿ?"

ಹುಡುಗಿ ಒಳಗೆ ಹೋದಳು. ವಿಭಾಗದ ಮುಖ್ಯಸ್ಥೆಯ ಕೋಣೆ ಅದು. ಬಾಗಿಲು ಮುಚ್ಚುವ ಮುಂಚೆ ಚಿಕ್ಕಮ್ಮನಿಗೆ ಕಂಡದ್ದು ಪುಸ್ತಕಗಳ ರಾಶಿ ಮತ್ತು ಅದರ ಹಿಂದೆ ಬೆಳ್ಳಗಿನ ಗಂಟು ಕೂದಲು, ಅಷ್ಟೆ.

ಉದ್ದನೆಯ ಪಡಸಾಲೆಯ ಬೆಂಚಿನಲ್ಲಿ ಗುಮಾಸ್ತ ಮೊದಲೇ ಕುಳಿತಿದ್ದ. ಪಕ್ಕದ ಕೋಣೆಯಲ್ಲಿ ಅವನ ಮಗಳ ಮಾತುಕತೆ ನಡೆದಿತ್ತು. ಫೈಲು ಮಾತ್ರ ಅವನ ಕೈಯಲ್ಲೇ ಇತ್ತು. "ತಗೊಂಡು ಹೋಗಮ್ಮ ಅಂದೆ, ಬೇಡ ಅಂದ್ಳು" ಎಂದ ಸಪ್ಪೆಯಾಗಿ. "ನಮ್ಮನ್ನ ಕಂಡ್ರೆ ಇವ್ರಿಗೆ ಯಾಕೆ ಇಷ್ಟು ನಾಚಿಕೆ ಅಂತೀನಿ?"

"ನಾವು ಸುಮ್ನಿರಲ್ವಲ್ಲ, ಅದಕ್ಕೆ" ಎಂದಳು ಚಿಕ್ಕಮ್ಮ.

ಅವನು ಯೋಚಿಸಿದ. "ಬಿಸಿನೀರಿನ ವಿಷ್ಯ ಜಾಸ್ತಿ ಕೇಳಿದ್ನಾ?"

"ಸ್ವಲ್ಪ."

ಫೋನು ಗುನುಗಿತು. ಮನೆಯಿಂದ. ಚಿಕ್ಕಮ್ಮ ಪಡಸಾಲೆಯ ತುದಿಗೆ ಹೋಗಿ ಎತ್ತಿಕೊಂಡಳು.

"ಕಾಲು ಪ್ಲಾಸ್ಟರ್ ಒಳಗೇ ತುರಿಸ್ತಿದೆ ಮಾರಾಯ್ತಿ. ಸ್ಕೇಲು ಹಾಕಿ ಕೆರ್ಕೊಂಡೆ, ಸ್ಕೇಲು ಒಳಗೇ ಉಳ್ಕೊಂಡಿದೆ" ಎಂದ ಗಂಡ. "ಏನಾಯ್ತು ಅಲ್ಲಿ? ಒಳಗೆ ಹೋದ್ಲಾ ಮರಿ?"

"ಹೋದ್ಲು. ಅದಕ್ಕೂ ಮುಂಚೆ ಜಗಳ ಆಯ್ತು."

"ಜಗಳಾನಾ? ಯಾರ ಜೊತೆ?"

"ನನ್ನ ಜೊತೆ. ಸೈಕಲ್ ಸ್ಟ್ಯಾಂಡಲ್ಲಿ. ಕಿರುಚಿದ್ಲು. ನೀನು ಯಾಕೆ ಬಂದೆ ಅಂತ ಕೇಳಿದ್ಲು."

ಆ ಮಾತನ್ನು ಬಾಯಿಬಿಟ್ಟು ಹೇಳಿದ ಮೇಲೆ ಅವಳ ಕಿವಿಗೆ ಅದು ಬಿತ್ತು. ಅಷ್ಟು ಹೊತ್ತೂ ಸಿಟ್ಟಿನಲ್ಲಿ, ತಪ್ಪೊಪ್ಪಿಗೆಯಲ್ಲಿ, ಮೊಟ್ಟೆ ಸುಲಿಯುವುದರಲ್ಲಿ ಗಮನಿಸಿಯೇ ಇರಲಿಲ್ಲ.

"ನೀನು ಅಂದ್ಲು ಕಣ್ರೀ" ಎಂದಳು. "ನೀವು ಅನ್ಲಿಲ್ಲ. ಒಂದ್ಸಲ ಅಲ್ಲ. ಅವಾಗಿಂದ ನೀನು, ನೀನು ಅಂತಾನೇ ಮಾತಾಡ್ತಿದಾಳೆ. ಒಳಗೆ ಬರ್ಬೇಡ ನೀನು ಅಂದ್ಲು. ಒಂದು ಮೊಟ್ಟೆ ಕೊಡು ಅಂದ್ಲು."

ಆ ಕಡೆಯಿಂದ ಮೂಗು ಏರಿಸಿಕೊಂಡ ಸದ್ದು ಕೇಳಿತು.

"ಸ್ಕೇಲು ತೆಗೆಯೋಕೆ ಹೋಗ್ಬೇಡಿ, ನಾನು ಬಂದು ತೆಗೀತೀನಿ" ಎಂದು ಹೇಳಿ ಅವಳು ಫೋನಿಟ್ಟಳು.

ಬೆಂಚಿಗೆ ವಾಪಸಾದಾಗ ಹದಿನೈದು ನಿಮಿಷ ಕಳೆದಿತ್ತು. ಗುಮಾಸ್ತನ ಮಗಳು ಹೊರಬಂದಳು. ಅಪ್ಪ ಏನೂ ಕೇಳದೆ ಸುಮ್ಮನೆ ನಿಂತದ್ದನ್ನು ಕಂಡು ಅನುಮಾನದಿಂದ ನೋಡಿ, ತಾನೇ "ಚೆನ್ನಾಗಾಯ್ತು" ಎಂದಳು. ಇಬ್ಬರೂ ಹೊರಟರು. ಇಪ್ಪತ್ತೈದು ನಿಮಿಷವಾಯಿತು. ಮುಖ್ಯಸ್ಥೆಯ ಬಾಗಿಲು ತೆರೆಯಲಿಲ್ಲ. ಸರದಿಯಲ್ಲಿದ್ದ ಮುಂದಿನವರು ಗಡಿಯಾರ ನೋಡತೊಡಗಿದರು. ಹುಡುಗಿಯ ದನಿ ಮತ್ತೆ ಒಡೆಯಿತೋ, ಬಾಯಿ ಕಟ್ಟಿಹೋಯಿತೋ, ಬೆಳಗಿನ ನಗೆ ತಲೆಯಲ್ಲಿ ಉಳಿದಿದೆಯೋ ಎಂದು ಯೋಚಿಸುತ್ತ ಚಿಕ್ಕಮ್ಮ ಬಾಗಿಲನ್ನೇ ನೋಡುತ್ತ ಕುಳಿತಳು. ಬಾಗಿಲ ಹತ್ತಿರ ಹೋಗಿ ಕಿವಿಗೊಡಬೇಕೆನ್ನಿಸಿತು. ಕೊಟ್ಟ ಮಾತು ನೆನಪಾಗಿ, ಎದ್ದವಳು ಬಾಗಿಲ ಕಡೆ ಹೋಗದೆ ಎದುರಿನ ಕಿಟಕಿಗೆ ಹೋದಳು.

ಕಿಟಕಿಯ ಕೆಳಗೆ ಹಿತ್ತಲಿನಂಥ ಜಾಗ. ಅಲ್ಲೊಂದು ಹಳೆಯ ನೀರಿನ ತೊಟ್ಟಿ. ತೊಟ್ಟಿಯ ಗೋಡೆಯ ಬುಡದಲ್ಲಿ, ಒದ್ದೆ ನೆಲದ ಮೇಲೆ, ಬೆಳ್ಳಗಿನ ಗಂಟಿನ ಹೆಂಗಸೊಬ್ಬರು ಕುಕ್ಕರುಗಾಲಲ್ಲಿ ಕುಳಿತಿದ್ದರು. ಪಕ್ಕದಲ್ಲಿ ಹಾಗೇ ಕುಳಿತು, ಒಂದು ಕೈಯಿಂದ ಗೋಡೆ ತೋರಿಸುತ್ತ, ಇನ್ನೊಂದು ಕೈಯನ್ನು ಗಾಳಿಯಲ್ಲಿ ಆಡಿಸುತ್ತ, ಬಿಡುವೇ ಇಲ್ಲದೆ ಮಾತಾಡುತ್ತಿದ್ದವಳು ಹುಡುಗಿ. ಕೋಣೆಗೆ ಹಿಂಬಾಗಿಲು, ಅಲ್ಲಿಂದ ಕೆಳಗಿಳಿಯಲು ಮೆಟ್ಟಿಲು ಇದ್ದದ್ದು ಪಡಸಾಲೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನೋಟ್‌ಬುಕ್ಕು ಆ ಹೆಂಗಸಿನ ತೊಡೆಯ ಮೇಲಿತ್ತು. ಅವರು ಹಾಳೆ ತಿರುವಿ ಏನೋ ಕೇಳಿದರು. ಹುಡುಗಿ ತಲೆಯಾಡಿಸಿದಳು, ಅಲ್ಲವೆಂದು. ಅವರು ಮತ್ತೆ ಕೇಳಿದರು. ಹುಡುಗಿ ಮತ್ತೂ ಅಲ್ಲವೆಂದು, ಗೋಡೆಯಿಂದ ಒಂದು ಚಿಟಿಕೆ ಹಸಿರು ಕಿತ್ತು ಅವರ ಅಂಗೈಯಲ್ಲಿಟ್ಟಳು. ಅಂಥ ದೊಡ್ಡವರ ಜೊತೆ ವಾದ ಮಾಡುತ್ತಿದ್ದಾಳಲ್ಲ ಎಂದು ಚಿಕ್ಕಮ್ಮನ ಕೈ ಬಾಯಿಗೆ ಹೋಯಿತು. ಆ ಹೆಂಗಸು ಅಂಗೈಯನ್ನು ಮೂಗಿನವರೆಗೆ ತಂದು ನೋಡಿ, ಕುಳಿತಲ್ಲೇ ಗಟ್ಟಿಯಾಗಿ ನಕ್ಕರು. ಈ ನಗೆ ಬೇರೆ ಥರದ್ದು ಎನ್ನುವುದು ಮೇಲಿನ ಕಿಟಕಿಗೂ ಗೊತ್ತಾಗುವಂತಿತ್ತು.

ಐವತ್ತು ನಿಮಿಷದ ಮೇಲೆ ಹುಡುಗಿ ಹೊರಬಂದಳು. ಮೊಣಕಾಲು ಕೆಸರು, ಉಗುರು ಸಂದಿಯೆಲ್ಲ ಹಸಿರು.

"ಎಷ್ಟು ಹೊತ್ತೇ! ಏನಂದ್ರು?"

"ಸೀಟಿನ ಬಗ್ಗೆ ಏನೂ ಹೇಳ್ಲಿಲ್ಲ. ಹೇಳೋ ಹಾಗಿಲ್ವಂತೆ." ಅವಳಿಗೆ ಉಸಿರಾಡಲೂ ಪುರುಸೊತ್ತಿರಲಿಲ್ಲ. "ಉತ್ತರದ ಗೋಡೇಲಿ ಬೆಳೆದಿದ್ದನ್ನ ಕಿಟಕಿಗಿಟ್ರೆ ಮೂರು ತಿಂಗಳಿಗೆ ಸಾಯುತ್ತೆ, ಆದ್ರೆ ನಂದು ಮೂರು ವರ್ಷ ಬದುಕಿದೆ. ಅದು ಹೇಗೆ ಅಂತ ಅವ್ರು ಕೇಳಿದ್ರು. ನೀರು ಜಾಸ್ತಿ ಹಾಕಿದ್ಯಾ ಅಂದ್ರು, ಇಲ್ಲ ಅಂದೆ. ನೆರಳು ಮಾಡಿದ್ಯಾ ಅಂದ್ರು, ಅಲ್ಲ ಅಂದೆ. ಒಣಗೋಕೆ ಬಿಡ್ತೀನಿ ಅಂದೆ. ಪೂರ್ತಿ ಒಣಗಿ ಕರ್‍ರಗಾಗ್ಲಿ ಅಂತ ಬಿಟ್ಟು, ಆಮೇಲೆ ನೀರು ಕೊಡ್ತೀನಿ. ಅದನ್ನ ಬರೆದು ಕಳ್ಸು ಅಂದ್ರು. ನನ್ನ ನೋಟ್ಸ್ ಬರೆದು ಕಳ್ಸು ಅಂದ್ರು ಅವ್ರು!"

ನಿಲ್ದಾಣಕ್ಕೆ ಹೋಗುವ ದಾರಿಯುದ್ದಕ್ಕೂ ಅವಳು ಮಾತಾಡಿದಳು. ರೈಲಿನಲ್ಲೂ ಮಾತಾಡಿದಳು. ಕೊನೆಗೆ ಲ್ಯಾಬಿಗೂ ಕರೆದುಕೊಂಡು ಹೋಗಿ ಆ ಎಲೆ ತೋರಿಸಿದರಂತೆ. ಒಂದೊಂದು ಕೋಶವೂ ಬಿಡಿಬಿಡಿಯಾಗಿ, ಅದರೊಳಗಿನ ಹಸಿರು ಮಣಿಗಳೂ ಎಣಿಸುವಷ್ಟು ಚೆನ್ನಾಗಿ ಕಂಡವಂತೆ. "ಬೆಳಿಗ್ಗೆ ಯಾರೋ ಸರಿ ಮಾಡಿದ್ರಂತೆ ಅಂದ್ರು ಮೇಡಮ್ಮು. ನಮ್ಮ ಮನೆಯವ್ರೇ ಅಂದೆ" ಎಂದಳು. ಹಾಗೆಂದು ಕಿಟಕಿಯ ಕಡೆ ತಿರುಗಿಕೊಂಡಳು. ಅರ್ಧ ದಾರಿಯಲ್ಲಿ ಮಾತಿನ ನಡುವೆಯೇ ನಿದ್ದೆ ಹೋದಳು. ಅವಳ ತಲೆ ಮೊದಲು ಕಿಟಕಿಯ ಸರಳಿಗೆ ಬಡಿಯುತ್ತಿತ್ತು, ಆಮೇಲೆ ಈ ಕಡೆ ವಾಲಿತು. ಚಿಕ್ಕಮ್ಮ ಒಂದೂವರೆ ಗಂಟೆ ಭುಜ ಅಲುಗಿಸದೆ ಕುಳಿತಳು. ಮಾರನೆಯ ದಿನ ಕುತ್ತಿಗೆ ಹಿಡಿದುಕೊಂಡಿತ್ತು. ಬಿದ್ದು ನೊಂದ ಸೊಂಟಕ್ಕೆ ಗಂಡ, ಕುತ್ತಿಗೆಗೆ ಹೆಂಡತಿ, ಇಬ್ಬರೂ ಒಂದೇ ಮುಲಾಮು ಹಚ್ಚಿಕೊಂಡರು.

ಎರಡು ತಿಂಗಳು ಕಳೆಯಿತು. ಪರೀಕ್ಷೆ ಬಂತು, ಹೋಯಿತು. ಅಷ್ಟರಲ್ಲಿ ಇನ್ನೂ ಮೂರು ಜಗಳವಾದವು: ಒಂದು ದೀಪ ಆರಿಸದ್ದಕ್ಕೆ, ಒಂದು ಒದ್ದೆ ಟವೆಲಿಗೆ, ಇನ್ನೊಂದು ಯಾತಕ್ಕೆಂದು ಆಮೇಲೆ ಇಬ್ಬರಿಗೂ ನೆನಪಾಗಲಿಲ್ಲ. ಅಪ್ಪ ಕೋಲು ಹಿಡಿದು ನಡೆಯತೊಡಗಿದ್ದ.

ಒಂದು ಮಂಗಳವಾರ ಮಧ್ಯಾಹ್ನ ಕನ್ನಡಕದ ಅಂಗಡಿಯ ಮುಂಬಾಗಿಲು ದಡಕ್ಕನೆ ತೆರೆದುಕೊಂಡಿತು. ಓಡಿ ಬಂದು ಏದುಸಿರು ಬಿಡುತ್ತಿದ್ದ ಹುಡುಗಿಯನ್ನು ಕಂಡು ಮಾಲೀಕ ಎಂದಿನ ನಗೆಯಿಂದ, "ಬನ್ನಿ, ಹತ್ತಿರದ್ದು ಕಾಣಲ್ವೋ, ದೂರದ್ದು ಕಾಣಲ್ವೋ?" ಎಂದು ಕೇಳಿದ.

"ಎರಡೂ ಕಾಣುತ್ತೆ!" ಎಂದು ಹೇಳಿ ಹುಡುಗಿ ಅವನನ್ನು ದಾಟಿಕೊಂಡು ಹಿಂದಿನ ಕೋಣೆಗೆ ನುಗ್ಗಿದಳು. ಅಲ್ಲಿ ಚಕ್ರ ತಿರುಗುತ್ತಿತ್ತು. ಚಿಕ್ಕಮ್ಮನ ಮೊಣಕೈವರೆಗೂ ಬಿಳಿಯ ಗಾಜಿನ ನೀರು. ಹುಡುಗಿ ಕೈಯಲ್ಲಿದ್ದ ಕಾಗದವನ್ನು ಎತ್ತಿ ಹಿಡಿದು ಆ ಸದ್ದಿಗೂ ಮೇಲೆ ಕೂಗಿ ಓದಿದಳು. "ತಮ್ಮನ್ನು ಜೀವಶಾಸ್ತ್ರ ವಿಭಾಗಕ್ಕೆ ಆಯ್ಕೆ ಮಾಡಲಾಗಿದೆ" ಎನ್ನುವಲ್ಲಿಗೆ ದನಿ ಚೀರಾಯಿತು. ಚಿಕ್ಕಮ್ಮ ಚಕ್ರ ನಿಲ್ಲಿಸಿದಳು.

"ಏನಂದೆ? ಕೇಳಿಸ್ಲಿಲ್ಲ. ಮತ್ತೆ ಓದು" ಎಂದಳು. ಕೇಳಿಸಿತ್ತು.

ಹುಡುಗಿ ಮತ್ತೆ ಓದಿದಳು, ಈ ಸಲ ನಿಧಾನವಾಗಿ, ಮೊದಲಿನಿಂದ ಕೊನೆಯವರೆಗೆ, ಕೆಳಗಿನ ಸಹಿಯನ್ನೂ ಬಿಡದೆ. ಬಾಗಿಲಲ್ಲಿ ನಿಂತಿದ್ದ ಮಾಲೀಕ ಚಪ್ಪಾಳೆ ತಟ್ಟಿದ. ಚಿಕ್ಕಮ್ಮ ಕೈ ಒರೆಸಿಕೊಳ್ಳಲು ಬಟ್ಟೆ ಹುಡುಕಿದಳು, ಸಿಗಲಿಲ್ಲ, ಒದ್ದೆ ಕೈಯಲ್ಲೇ ಅವಳನ್ನು ಬರಸೆಳೆದುಕೊಂಡಳು. ಹುಡುಗಿಯ ಅಂಗಿಯ ಬೆನ್ನಿನ ಮೇಲೆ ಎರಡು ಬಿಳಿಯ ಅಂಗೈ ಗುರುತು ಮೂಡಿದವು.

"ಹಾಸ್ಟೆಲು ಶುರುವಾಗೋದು ಮುಂದಿನ ತಿಂಗಳು ಹತ್ತಕ್ಕೆ" ಎಂದಳು ಹುಡುಗಿ ಅವಳ ಭುಜದಲ್ಲೇ ಮುಖವಿಟ್ಟು. "ಹೊದಿಕೆ ನಾವೇ ತರ್ಬೇಕಂತೆ. ಬಕೆಟ್ಟೂ ಬೇಕು."

"ತರೋಣ. ಅಪ್ಪನಿಗೆ ಹೇಳಿದ್ಯಾ?"

"ಇಲ್ಲ. ಅಂಚೆಯವ್ರು ದಾರೀಲೇ ಕೊಟ್ರು. ಇಲ್ಲಿಗೇ ಬಂದೆ."

ಮಾಲೀಕ ಮಿಕ್ಕ ಕೆಲಸ ನಾಳೆ ಆಗಲಿ ಎಂದ. ಚಿಕ್ಕಮ್ಮ ಒಪ್ಪಲಿಲ್ಲ, ಸಂಜೆಗೆ ಬರುವ ಮುದುಕರೊಬ್ಬರಿಗೆ ಇನ್ನೊಂದು ಗಾಜು ಬಾಕಿ ಇತ್ತು. ಹುಡುಗಿ ಕಿಟಕಿಯ ಕಟ್ಟೆಯ ಮೇಲೆ ಹತ್ತಿ ಕುಳಿತು ಕಾಲಾಡಿಸುತ್ತ ಕಾದಳು, ಬೇಕಾದ ಸಾಮಾನುಗಳ ಪಟ್ಟಿಯನ್ನು ಕಾಗದದ ಹಿಂಬದಿಯಲ್ಲೇ ಬರೆಯುತ್ತ. ಗಾಜು ಮುಗಿಯಿತು. ಇಬ್ಬರೂ ಹೊರಗೆ ಬಂದು, ಯಾರು ಅಪ್ಪನಿಗೆ ಮೊದಲು ಹೇಳಬೇಕೆಂದು ಕಿತ್ತಾಡುತ್ತ, ಮನೆಯ ಕಡೆ ಬೇಗ ಬೇಗ ಹೆಜ್ಜೆ ಹಾಕಿದರು.